ಹಿಮ ಕರಗಿದ ಮೇಲೆ ಉಳಿಯುವ ಯಂತ್ರ

ಮಿನೆಸೋಟಾದಲ್ಲಿ ಅದು ನಮ್ಮ ಎರಡನೆಯ ಚಳಿಗಾಲ. ಡಿಸೆಂಬರಿನ ಒಂದು ಬೆಳಗ್ಗೆ ಎದ್ದು ನೋಡಿದರೆ ಗ್ಯಾರೇಜಿನ ಬಾಗಿಲ ಮುಂದೆ ಮೊಣಕಾಲುದ್ದ ಹಿಮ. ಹಿಂದಿನ ವರ್ಷ ಕೊಂಡಿದ್ದ ಸ್ನೋ ಬ್ಲೋವರ್ ಮೂಲೆಯಲ್ಲಿ ನಿಂತಿತ್ತು. ಹಗ್ಗ ಎಳೆದೆ. ಮತ್ತೆ ಎಳೆದೆ. ಇಪ್ಪತ್ತು ಸಲ ಎಳೆದ ಮೇಲೆ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕೊನೆಗೆ ಸಲಿಕೆ ಹಿಡಿದು ಹೊರಟಾಗ ಪಕ್ಕದ ಮನೆಯ ಹಿರಿಯರು ತಮ್ಮ ಯಂತ್ರವನ್ನು ಓಡಿಸಿಕೊಂಡು ಬಂದು ನಮ್ಮ ದಾರಿಯನ್ನೂ ಹತ್ತೇ ನಿಮಿಷದಲ್ಲಿ ಬಿಡಿಸಿಕೊಟ್ಟರು. ಅವರದು ನನ್ನದಕ್ಕಿಂತ ಮೂವತ್ತು ವರ್ಷ ಹಳೆಯ ಯಂತ್ರ. ನನ್ನ ಯಂತ್ರಕ್ಕೆ ಏನಾಗಿದೆ ಎಂದು ಅವರು ನೋಡಲೇ ಇಲ್ಲ. ಒಂದೇ ಪ್ರಶ್ನೆ ಕೇಳಿದರು: "ಏಪ್ರಿಲ್‌ನಲ್ಲಿ ಇದಕ್ಕೆ ಏನು ಮಾಡಿದ್ದಿರಿ?"

ಏನೂ ಮಾಡಿರಲಿಲ್ಲ. ಕೊನೆಯ ಹಿಮ ಬಿದ್ದ ದಿನ ಆರಿಸಿ, ಮೂಲೆಗೆ ನೂಕಿ, ಮರೆತಿದ್ದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲು ಹಾಗೆಯೇ ಇತ್ತು. "ಹಾಗಾದರೆ ಅದು ಕೆಟ್ಟದ್ದು ಇವತ್ತಲ್ಲ, ಜುಲೈ ತಿಂಗಳಲ್ಲಿ" ಎಂದು ಅವರು ನಕ್ಕರು.

ಆ ಮಾತು ನನ್ನಲ್ಲಿ ಉಳಿಯಿತು. ಯಂತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅವು ಕೆಲಸ ಮಾಡುವ ದಿನಗಳಿಂದ ಬರೆಯುತ್ತೇವೆ. ಯಾರು ಕಂಡುಹಿಡಿದರು, ಎಷ್ಟು ಶಕ್ತಿ, ಎಷ್ಟು ವೇಗ. ಆದರೆ ವರ್ಷದಲ್ಲಿ ಕೆಲವೇ ದಿನ ಓಡಿ, ಎಂಟು ತಿಂಗಳು ಸುಮ್ಮನೆ ನಿಲ್ಲುವ ಯಂತ್ರದ ಚರಿತ್ರೆಯನ್ನು ಅದು ನಿಂತಿರುವ ದಿನಗಳಿಂದಲೇ ಬರೆಯಬೇಕೇನೋ. ಹಾಗೆ ನೋಡಿದರೆ ಹಿಮ ತೆಗೆಯುವ ಯಂತ್ರದ ಕಥೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಎದ್ದು ಕಾಣುತ್ತದೆ: ಬೇಡದ ಕಾಲದಲ್ಲಿ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಯಾರದು?

ಈ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರ ಸುಲಭವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳ ಹಳ್ಳಿಗರು ಹಿಮವನ್ನು ತೆಗೆಯುತ್ತಲೇ ಇರಲಿಲ್ಲ. ಅವರಿಗೆ ಹಿಮ ಬೇಕಿತ್ತು. ಚಳಿಗಾಲ ಬಂತೆಂದರೆ ಗಾಡಿಯ ಚಕ್ರದ ಬದಲು ಜಾರುಬಂಡಿ ಬಳಕೆಗೆ ಬರುತ್ತಿತ್ತು. ಗಟ್ಟಿಯಾಗಿ ಕೂತ ಹಿಮದ ಮೇಲೆ ಜಾರುಬಂಡಿ ಸಲೀಸಾಗಿ ಸಾಗುತ್ತದೆ. ಕೆಸರಿನ ರಸ್ತೆಯಲ್ಲಿ ಎಳೆಯಲಾಗದ ಮರದ ದಿಮ್ಮಿಗಳನ್ನು ಸಾಗಿಸಲು ಅದೇ ಒಳ್ಳೆಯ ಕಾಲ. ಆದ್ದರಿಂದ ಕುದುರೆಗಳು ಎಳೆಯುವ ಭಾರೀ ಮರದ ರೋಲರ್‌ಗಳಿಂದ ರಸ್ತೆಯ ಹಿಮವನ್ನು ಒತ್ತಿ ಒತ್ತಿ ಹಾಸುತ್ತಿದ್ದರು. ಮಾಡು ಇರುವ ಮರದ ಸೇತುವೆಗಳ ಒಳಗೆ ಹಿಮ ಬೀಳುವುದಿಲ್ಲವಲ್ಲ, ಅಲ್ಲಿ ಜಾರುಬಂಡಿ ಸಿಕ್ಕಿಕೊಳ್ಳದಂತೆ ಹೊರಗಿನ ಹಿಮವನ್ನು ಸಲಿಕೆಯಿಂದ ಒಳಗೆ ತುಂಬುವುದೂ ಇತ್ತು. ಆ ರೋಲರ್ ಯಾವ ಒಬ್ಬನ ಸೊತ್ತೂ ಆಗಿರಲಿಲ್ಲ, ಊರಿನದಾಗಿತ್ತು. ಅದರಲ್ಲಿ ಕೆಡುವ ಇಂಧನವಿಲ್ಲ, ಕಟ್ಟಿಕೊಳ್ಳುವ ರಂಧ್ರವಿಲ್ಲ. ಇದ್ದದ್ದು ಮರ ಮತ್ತು ಕಬ್ಬಿಣ. ಅವನ್ನು ನೋಡಿಕೊಳ್ಳಲು ಬಡಗಿ, ಕಮ್ಮಾರರ ಕೈ ಸಾಕಿತ್ತು.

ಹಿಮ ಶತ್ರುವಾದದ್ದು ರೈಲು ಬಂದ ಮೇಲೆ. ರೈಲಿಗೆ ಹಿಮದ ಮೇಲೆ ಜಾರಿ ಹೋಗಲು ಬರುವುದಿಲ್ಲ. ಅದಕ್ಕೆ ಹಳಿಯೇ ಬೇಕು. ಎಂಜಿನ್ನಿನ ಮುಂದೆ ಬೆಣೆಯಾಕಾರದ ನೇಗಿಲು ಕಟ್ಟಿ ನುಗ್ಗಿಸುವುದು ಮೊದಲ ಉಪಾಯ. ಆದರೆ ಬೆಟ್ಟದ ಕಣಿವೆಗಳಲ್ಲಿ ಆಳೆತ್ತರ ಬಿದ್ದ ಹಿಮವನ್ನು ಪಕ್ಕಕ್ಕೆ ಒತ್ತಲು ಜಾಗವೇ ಇರುತ್ತಿರಲಿಲ್ಲ. ಒತ್ತುವ ಬದಲು ಕೊರೆದು ದೂರಕ್ಕೆ ಎಸೆಯಬೇಕು ಎಂಬುದು ಹೊಳೆದದ್ದು ಟೊರೊಂಟೊ ನಗರದ ಜೆ. ಡಬ್ಲ್ಯು. ಎಲಿಯಟ್ ಎಂಬ ದಂತವೈದ್ಯನಿಗೆ, 1869ರಲ್ಲಿ. ಹಲ್ಲು ಕೊರೆಯುವವನಿಗೇ ಇದು ಹೊಳೆದದ್ದು ಎಷ್ಟು ಸಹಜ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಆತ ಯಂತ್ರವನ್ನು ಕಟ್ಟಲಿಲ್ಲ. ಅದೇ ಕೆನಡಾದ ಆರೆಂಜ್‌ವಿಲ್ ಊರಿನ ಆರೆಂಜ್ ಜುಲ್ ಎಂಬಾತ ಆ ಕಲ್ಪನೆಯನ್ನು ಬೆಳೆಸಿ, ಪುಟ್ಟ ಮಾದರಿಗಳನ್ನು ಮಾಡಿ, ಹಿಮದ ಬದಲು ಮರಳಿನಲ್ಲಿ ಓಡಿಸಿ ನೋಡಿದ. 1883–84ರ ಚಳಿಗಾಲದಲ್ಲಿ ಟೊರೊಂಟೊದ ಲೆಸ್ಲಿ ಸಹೋದರರು ಪೂರ್ಣಗಾತ್ರದ ಯಂತ್ರವನ್ನು ಕಟ್ಟಿಕೊಟ್ಟರು. ಮುಂಭಾಗದಲ್ಲಿ ದೊಡ್ಡದೊಂದು ಚಕ್ರ, ಅದರಲ್ಲಿ ಅಲಗುಗಳು. ಉಗಿಯ ಬಲದಿಂದ ಅದು ತಿರುಗುತ್ತಾ ಹಿಮವನ್ನು ಕತ್ತರಿಸಿ ಮೇಲಿನ ಬಾಯಿಯಿಂದ ದೂರಕ್ಕೆ ಉಗುಳುತ್ತಿತ್ತು. ಹಿಂದಿನಿಂದ ರೈಲಿನ ಎಂಜಿನ್ನುಗಳು ಅದನ್ನು ನೂಕಬೇಕು.

ಅದಾಗಿ ಕೆಲವೇ ವರ್ಷಗಳಿಗೆ, 1888ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಪೂರ್ವ ಕರಾವಳಿಯ ಮೇಲೆ ಭೀಕರ ಹಿಮಬಿರುಗಾಳಿ ಬಂತು. ಸುಮಾರು 400 ಜನ ಸತ್ತರು. ಅವರಲ್ಲಿ ಅರ್ಧದಷ್ಟು ಮಂದಿ ನ್ಯೂಯಾರ್ಕ್ ನಗರದವರು. ರೈಲುಗಳು ನಿಂತಲ್ಲೇ ಹೂತವು, ತಂತಿಗಳು ಹರಿದವು. ಸಾರಿಗೆಯನ್ನು ನೆಲದಡಿಗೆ ಒಯ್ಯಬೇಕೆಂಬ ವಾದಕ್ಕೆ ಬಲ ಬಂದದ್ದು ಆಗ. 1904ರಲ್ಲಿ ತೆರೆದ ನ್ಯೂಯಾರ್ಕಿನ ಸುರಂಗ ರೈಲಿನ ಹಿಂದೆ ಆ ಮಾರ್ಚ್ ತಿಂಗಳ ನೆನಪೂ ಇದೆ.

ರೈಲು ಕಂಪನಿಗಳ ಈ ದೈತ್ಯ ಯಂತ್ರಗಳಿಗೆ ಬೇಸಿಗೆಯ ಚಿಂತೆ ಇರಲಿಲ್ಲ. ದೊಡ್ಡ ಕಾರ್ಯಾಗಾರಗಳಿದ್ದವು, ಸಂಬಳದ ಕೆಲಸಗಾರರಿದ್ದರು. ಇವತ್ತಿಗೂ ಕ್ಯಾಲಿಫೋರ್ನಿಯಾದ ಡಾನರ್ ಕಣಿವೆಯ ಮಾರ್ಗಕ್ಕಾಗಿ ಯೂನಿಯನ್ ಪೆಸಿಫಿಕ್ ಕಂಪನಿ ಕೆಲವು ಹಳೆಯ ತಿರುಗುಯಂತ್ರಗಳನ್ನು ಇಟ್ಟುಕೊಂಡಿದೆ. ಉಗಿಯ ಕಾಲದಲ್ಲಿ ಹುಟ್ಟಿ, ಆಮೇಲೆ ವಿದ್ಯುತ್ ಮೋಟಾರಿಗೆ ಬದಲಾದ ಯಂತ್ರಗಳು ಅವು. ಅವು ಹೊರಗೆ ಬರುವುದೇ ಅಪರೂಪ. 2017ರ ಜನವರಿಯಲ್ಲಿ ಅವು ಕಣಿವೆ ಹತ್ತಿದಾಗ ರೈಲುಪ್ರಿಯರು ಕ್ಯಾಮೆರಾ ಹಿಡಿದು ಓಡಿಬಂದಿದ್ದರು. ಹಲವು ವರ್ಷ ಸುಮ್ಮನೆ ನಿಂತು, ಕರೆದ ದಿನ ಎದ್ದು ಹೊರಡುವುದು ಸಾಧ್ಯವಾಗುವುದು ಕರೆಯದ ದಿನಗಳಲ್ಲೂ ಯಾರೋ ಅದನ್ನು ಮುಟ್ಟಿ ನೋಡುತ್ತಾ ಇರುವುದರಿಂದ.

ರೈಲಿನ ಹಳಿಯಿಂದ ರಸ್ತೆಗೆ ಈ ಯಂತ್ರವನ್ನು ಇಳಿಸಿದವನು ಆರ್ಥರ್ ಸಿಕಾರ್. 1876ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಮಾಂಟ್ರಿಯಲ್ ಹತ್ತಿರ ಹುಟ್ಟಿದವ. ಹೈನುಗಾರಿಕೆಯ ಕುಟುಂಬ. ಚಳಿಗಾಲದಲ್ಲಿ ರಸ್ತೆ ಮುಚ್ಚಿತೆಂದರೆ ಹಾಲು ಪೇಟೆಗೆ ಹೋಗದು. 18ರ ಹರೆಯದಲ್ಲಿ ಆತ ಹೊಲದಲ್ಲಿ ಒಕ್ಕಣೆಯ ಯಂತ್ರವೊಂದನ್ನು ನೋಡಿ, ಕಾಳನ್ನು ಒಳಗೆಳೆದುಕೊಂಡು ಹೊಟ್ಟನ್ನು ಹೊರಗೆ ತೂರುವ ಈ ಯಂತ್ರ ಹಿಮವನ್ನೇಕೆ ತೂರಬಾರದು ಎಂದು ಯೋಚಿಸಿದನಂತೆ. ಯೋಚನೆ ಯಂತ್ರವಾಗಲು ಮೂವತ್ತು ವರ್ಷ ಬೇಕಾಯಿತು. 1925ರಲ್ಲಿ ಟ್ರಕ್ಕಿನ ಮೇಲೆ ಕಟ್ಟಿದ ಯಂತ್ರ ಸಿದ್ಧವಾಯಿತು: ಟ್ರಕ್ಕು ಓಡಲು ಒಂದು ಮೋಟಾರು, ಹಿಮ ತೂರಲು ಇನ್ನೊಂದು. ಹಿಮವನ್ನು ಅದು 90 ಅಡಿಗೂ ದೂರ ಎಸೆಯುತ್ತಿತ್ತು. ಬೇಕೆಂದರೆ ಪಕ್ಕದಲ್ಲಿ ಚಲಿಸುವ ಲಾರಿಯೊಳಗೆ ನೇರ ತುಂಬಿಸಬಹುದಿತ್ತು. 1927ರಲ್ಲಿ ಮಾಂಟ್ರಿಯಲ್‌ಗೆ ಹೊಂದಿಕೊಂಡ ಊಟ್ರಮಾನ್ ಪಟ್ಟಣ ಮೊದಲ ಯಂತ್ರವನ್ನು ಕೊಂಡಿತು.

ಇಲ್ಲಿಯೂ ಬೇಸಿಗೆಯ ಹೊಣೆ ನಗರಸಭೆಯದೇ. ಮಾಂಟ್ರಿಯಲ್ ಇವತ್ತಿಗೂ ತನ್ನ ಬೀದಿಗಳ ಹಿಮವನ್ನು ಲಾರಿಗೆ ತುಂಬಿ ಸಾಗಿಸುತ್ತದೆ. ಬಹಳಷ್ಟು ಹಿಮ ಫ್ರಾಂಕಾನ್ ಎಂಬ ಹಳೆಯ ಕಲ್ಲುಕ್ವಾರಿಗೆ ಬೀಳುತ್ತದೆ. ಅಲ್ಲಿ ಕಪ್ಪಿಟ್ಟ ಹಿಮದ ಗುಡ್ಡ ಬೇಸಿಗೆ ಬಂದರೂ ಕರಗುತ್ತಲೇ ಇರುತ್ತದೆ. ನಗರವೊಂದು ತನ್ನ ಚಳಿಗಾಲವನ್ನೇ ಗೋದಾಮಿಗೆ ಹಾಕಿಟ್ಟಂತೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಊರ ಹೊರಗೆ ಸಾಲು ಸಾಲು ಬಡಾವಣೆಗಳೆದ್ದವು. ಪ್ರತಿ ಮನೆಗೂ ಕಾರು, ಕಾರಿಗೊಂದು ಗ್ಯಾರೇಜು, ಗ್ಯಾರೇಜಿನಿಂದ ಬೀದಿಯವರೆಗೆ ಸ್ವಂತದ ದಾರಿ. ಬೀದಿಯ ಹಿಮವನ್ನು ನಗರಸಭೆ ತೆಗೆಯುತ್ತದೆ, ಆದರೆ ಆ ಸ್ವಂತದ ದಾರಿಯದನ್ನು ಮನೆಯವನೇ ತೆಗೆಯಬೇಕು. ಸಾಲದ್ದಕ್ಕೆ ನಗರದ ನೇಗಿಲುಗಾಡಿ ಬೀದಿ ಬಳಿಯುತ್ತಾ ಗಟ್ಟಿ ಹಿಮದ ಒಡ್ಡನ್ನು ನಿಮ್ಮ ದಾರಿಯ ಬಾಯಿಗೇ ಕಟ್ಟಿ ಹೋಗುತ್ತದೆ. ಈ ಒಡ್ಡಿನಿಂದಲೇ ಮನೆಬಳಕೆಯ ಸ್ನೋ ಬ್ಲೋವರ್‌ಗೆ ಮಾರುಕಟ್ಟೆ ಹುಟ್ಟಿತು ಎಂದರೂ ತಪ್ಪಲ್ಲ.

ಅದನ್ನು ಮಾಡಿದವರು ಯಾರು ನೋಡಿ. 1914ರಲ್ಲಿ ಟ್ರ್ಯಾಕ್ಟರ್ ಎಂಜಿನ್ ತಯಾರಿಸಲು ಹುಟ್ಟಿ, ಆಮೇಲೆ ಗಾಲ್ಫ್ ಮೈದಾನಗಳ ಹುಲ್ಲು ಕತ್ತರಿಸುವ ಯಂತ್ರಗಳಿಂದ ಹೆಸರಾದ ಮಿನಿಯಾಪೊಲಿಸ್‌ನ ಟೋರೊ ಕಂಪನಿ 1950ರ ದಶಕದ ಆರಂಭದಲ್ಲಿ ಹಿಮಯಂತ್ರಕ್ಕೆ ಕೈಹಾಕಿತು. ವಿಸ್ಕಾನ್ಸಿನ್ ರಾಜ್ಯದ ಬ್ರಿಲಿಯನ್ ಎಂಬ ಸಣ್ಣ ಊರಿನ ಏರಿಯನ್ಸ್ ಕುಟುಂಬ ಆರ್ಥಿಕ ಮಹಾಕುಸಿತದಲ್ಲಿ ತಮ್ಮ ಎರಕದ ಕಾರ್ಖಾನೆಯನ್ನು ಕಳೆದುಕೊಂಡು, 1933ರಲ್ಲಿ ಮಣ್ಣು ಉಳುವ ಟಿಲ್ಲರ್ ಯಂತ್ರದಿಂದ ಮತ್ತೆ ಬದುಕು ಕಟ್ಟಿಕೊಂಡಿತ್ತು. ಅವರ ಹಿಮಯಂತ್ರ ಬಂದದ್ದು 1960ರಲ್ಲಿ. ಒಕ್ಕಣೆ, ಉಳುಮೆ, ಹುಲ್ಲು ಕೊಯ್ಲು: ಹಿಮಯಂತ್ರದ ಪೂರ್ವಿಕರಲ್ಲಿ ಇಷ್ಟೊಂದು ಮಂದಿ ಹೊಲದವರು, ಬೇಸಿಗೆಯವರು. ಹುಲ್ಲಿನ ಯಂತ್ರ ಮಾರುವ ಕಂಪನಿಗೆ ಚಳಿಗಾಲದಲ್ಲಿ ಮಾರಲು ಇನ್ನೊಂದು ಯಂತ್ರ ಸಿಕ್ಕಿತು, ಮನೆಯವನಿಗೆ ಗ್ಯಾರೇಜಿನಲ್ಲಿ ಒಂದು ಮಲಗಿದಾಗ ಇನ್ನೊಂದು ಏಳುವ ಜೋಡಿ ಸಿಕ್ಕಿತು.

ಆದರೆ ಆ ಜೋಡಿಯೊಂದಿಗೆ, ಯಾವ ಜಾಹೀರಾತೂ ಎತ್ತಿ ಹೇಳದ ಕೆಲಸವೊಂದು ಮನೆಗೆ ಬಂತು. ಊರು, ರೈಲು ಕಂಪನಿ, ನಗರಸಭೆ ಹೊತ್ತಿದ್ದ ಬೇಸಿಗೆಯ ಜವಾಬ್ದಾರಿ ಈಗ ಒಬ್ಬೊಬ್ಬ ಮನೆಯವನ ಹೆಗಲಿಗೆ ಬಿತ್ತು. ಅವನೋ ಬಡಗಿಯಲ್ಲ, ಫಿಟ್ಟರನಲ್ಲ. ನನ್ನ ಹಾಗೆ ಕಂಪ್ಯೂಟರ್ ಮುಂದೆ ಕೂರುವವನು.

ಪಕ್ಕದ ಮನೆಯ ಹಿರಿಯರು ಮರುವರ್ಷದ ಏಪ್ರಿಲ್‌ನಲ್ಲಿ ನನ್ನನ್ನು ಕರೆದು ತಮ್ಮ ಯಂತ್ರದ ಪಕ್ಕ ನಿಲ್ಲಿಸಿಕೊಂಡು ಪಾಠ ಶುರುಮಾಡಿದರು. ಮೊದಲ ಪಾಠ ಇಂಧನದ್ದು. ಪೆಟ್ರೋಲು ನಾವಂದುಕೊಂಡಷ್ಟು ಸ್ಥಿರವಾದ ವಸ್ತುವಲ್ಲ. ಅದರಲ್ಲಿರುವ ಹಗುರ ಅಂಶಗಳು ಮೊದಲು ಆವಿಯಾಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತದೆ. ಕಾರ್ಬ್ಯುರೇಟರ್‌ನಲ್ಲಿ ಇಂಧನ ಹಾಯುವ ರಂಧ್ರ ಸೂಜಿಮೊನೆಯಷ್ಟು ಸಣ್ಣದು. ಅದನ್ನು ಮುಚ್ಚಲು ಹಲಸಿನ ಮೇಣದಂಥ ಆ ಅಂಟಿನ ಒಂದು ತೆಳುಪದರ ಸಾಕು. ನನ್ನ ಯಂತ್ರ ಜುಲೈನಲ್ಲಿ ಕೆಟ್ಟಿತ್ತು ಎಂದು ಅವರು ಹೇಳಿದ್ದು ಇದನ್ನೇ.

ಇದರಲ್ಲಿ ಸರ್ಕಾರದ ನೀತಿಯ ಪಾಲೂ ಇದೆ. ಜೋಳ ಬೆಳೆಯುವ ಮಿನೆಸೋಟಾ 1997ರಿಂದ ರಾಜ್ಯದುದ್ದಕ್ಕೂ ಎಥನಾಲ್ ಬೆರೆತ ಪೆಟ್ರೋಲನ್ನು ಜಾರಿಗೆ ತಂದಿತು. 2005ರ ಇಂಧನ ಕಾಯ್ದೆಯ ನಂತರ ದೇಶದ ಬಹುಪಾಲು ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಸೇರಿತು. ಎಥನಾಲ್‌ಗೆ ನೀರಿನ ಮೇಲೆ ಮೋಹ. ಬೇಸಿಗೆಯ ತೇವದ ಗಾಳಿಯಿಂದ ಅದು ನೀರನ್ನು ಹೀರುತ್ತದೆ. ನೀರು ಒಂದು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಇಂಧನ ಎಳೆದುಕೊಳ್ಳುವುದು ತಳದಿಂದಲೇ. ದಿನವೂ ಓಡುವ ಕಾರಿಗೆ ಇದು ತೊಂದರೆಯೇ ಅಲ್ಲ, ನಿಂತ ಯಂತ್ರಕ್ಕೆ ತೊಂದರೆ. ಅದಕ್ಕೇ ಮಿನೆಸೋಟಾದ ಕಾನೂನು ಸಣ್ಣ ಎಂಜಿನ್, ದೋಣಿ, ಹಳೆಯ ಸಂಗ್ರಹದ ಕಾರುಗಳಿಗೆಂದು ಎಥನಾಲ್ ಇಲ್ಲದ ಪೆಟ್ರೋಲು ಮಾರಲು ಅವಕಾಶ ಉಳಿಸಿಕೊಂಡಿದೆ. ಬಂಕಿನಲ್ಲಿ ಬೇರೆಯದೇ ಪೈಪು, ಅದರ ಮೇಲೊಂದು ಚೀಟಿ. ಎರಡು ವರ್ಷ ನಾನು ಅದನ್ನು ನೋಡಿಯೂ ನೋಡದಂತೆ ಕಾರಿಗೆ ಎಣ್ಣೆ ಹಾಕಿಸಿ ಬಂದಿದ್ದೆ.

ಇಂಧನದ ವಿಷಯದಲ್ಲಿ ಎರಡು ಪಂಥಗಳಿವೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನೂ ಬರಿದು ಮಾಡಬೇಕು ಎನ್ನುವವರು ಒಂದು ಕಡೆ. ಹೊಸ ಪೆಟ್ರೋಲಿಗೆ ಸ್ಟೆಬಿಲೈಸರ್ ಎಂಬ ದ್ರಾವಣ ಬೆರೆಸಿ, ಅದು ಕಾರ್ಬ್ಯುರೇಟರ್‌ಗೆ ತಲಪುವಂತೆ ಹತ್ತು ನಿಮಿಷ ಓಡಿಸಿ, ಟ್ಯಾಂಕು ತುಂಬಿಯೇ ಇಡಬೇಕು ಎನ್ನುವವರು ಇನ್ನೊಂದು ಕಡೆ. ನಮ್ಮ ಹಿರಿಯರು ಮೊದಲ ಪಂಥದವರು. ಎರಡರಲ್ಲಿ ಯಾವುದಾದರೂ ಆದೀತು, ಅರ್ಧ ಟ್ಯಾಂಕು ಬಿಟ್ಟು ಮರೆಯುವ ನನ್ನ ಪಂಥ ಮಾತ್ರ ಕೂಡದು ಎಂದರು. ಎಂಜಿನ್ ಓಡಿಸುವುದು ಗ್ಯಾರೇಜಿನ ಹೊರಗೆ, ಬಯಲಲ್ಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಕೊಂದ ಮೇಲೂ ಗೊತ್ತಾಗುವುದಿಲ್ಲ.

ಆಮೇಲೆ ಎಣ್ಣೆ. ಒಂದು ಚಳಿಗಾಲ ದುಡಿದ ಎಂಜಿನ್ ಎಣ್ಣೆಯಲ್ಲಿ ಆಮ್ಲ ಮತ್ತು ನೀರಿನ ಅಂಶ ಸೇರಿರುತ್ತದೆ. ಎಂಟು ತಿಂಗಳು ಅದರಲ್ಲೇ ಲೋಹ ನೆನೆದರೆ ಸವೆಯುತ್ತದೆ. ಆದ್ದರಿಂದ ಹೊಸ ಎಣ್ಣೆ ಹಾಕುವುದು ಚಳಿಗಾಲಕ್ಕೆ ಮುಂಚೆ ಅಲ್ಲ, ಮುಗಿದ ಕೂಡಲೇ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಚಮಚ ಎಣ್ಣೆಯನ್ನು ಸಿಲಿಂಡರಿನೊಳಗೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆದರೆ ಒಳಗೋಡೆಗೆಲ್ಲ ಎಣ್ಣೆಯ ಪೂಸು ಹತ್ತುತ್ತದೆ. ರಸ್ತೆಯಿಂದ ಬಂದ ಉಪ್ಪನ್ನು ತೊಳೆದು ಒರೆಸಬೇಕು. ಬಣ್ಣ ಕಿತ್ತಲ್ಲಿ ಬಣ್ಣ ಬಳಿಯಬೇಕು. ಎಂಜಿನ್ನಿನ ಹೊದಿಕೆಯೊಳಗೆ ಇಲಿ ಗೂಡು ಕಟ್ಟದಂತೆ ನೋಡಬೇಕು.

ಅವರು ಹೆಚ್ಚು ಹೊತ್ತು ತೆಗೆದುಕೊಂಡದ್ದು ಒಂದು ಪುಟ್ಟ ಮೊಳೆಯ ಬಳಿ. ಯಂತ್ರದ ಬಾಯಲ್ಲಿ ಹಿಮವನ್ನು ಒಳಗೆಳೆಯುವ ಸುರುಳಿ ಅಲಗುಗಳಿವೆ. ಅವು ನಡುವಿನ ದಂಡಕ್ಕೆ ನೇರವಾಗಿ ಬೆಸೆದಿರುವುದಿಲ್ಲ, ಶಿಯರ್ ಪಿನ್ ಎಂಬ ಮೆದು ಲೋಹದ ಮೊಳೆಯಿಂದ ಜೋಡಿಸಿರುತ್ತಾರೆ. ಕಲ್ಲೋ ಮಂಜುಗಡ್ಡೆಯೋ ಸಿಕ್ಕಿಕೊಂಡಾಗ ಆ ಮೊಳೆ ಮುರಿಯುತ್ತದೆ, ಒಳಗಿನ ಬೆಲೆಬಾಳುವ ಗೇರ್‌ಪೆಟ್ಟಿಗೆ ಉಳಿಯುತ್ತದೆ. ಮುರಿಯಲೆಂದೇ ಹುಟ್ಟಿದ ಮೊಳೆ ಅದು. ಆದರೆ ದಂಡಕ್ಕೆ ವರ್ಷಕ್ಕೊಮ್ಮೆ ಗ್ರೀಸ್ ತುಂಬದಿದ್ದರೆ ಬೇಸಿಗೆಯ ತುಕ್ಕು ಅಲಗನ್ನೂ ದಂಡವನ್ನೂ ಒಂದಾಗಿ ಕಚ್ಚಿಸಿಬಿಡುತ್ತದೆ. ಆಗ ಮೊಳೆ ತನ್ನ ಜಾಗದಲ್ಲೇ ಇರುತ್ತದೆ, ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಕಲ್ಲು ಸಿಕ್ಕಿದ ದಿನ ಮುರಿಯುವುದು ಗೇರ್‌ಪೆಟ್ಟಿಗೆ. ಅವರು ಪ್ಲಗ್ಗಿನ ತಂತಿ ಕಳಚಿ, ಮೊಳೆ ತೆಗೆದು, ಅಲಗನ್ನು ಕೈಯಿಂದ ತಿರುಗಿಸಿ ತೋರಿಸಿದರು. ಅದು ಸಲೀಸಾಗಿ ತಿರುಗಿತು. ನಂತರ ನನ್ನ ಯಂತ್ರದ್ದನ್ನು ತಿರುಗಿಸಲು ಹೇಳಿದರು. ಎರಡು ವರ್ಷಕ್ಕೇ ಅದು ಕಚ್ಚಿಕೊಂಡಿತ್ತು.

ಈ ಕಥೆ ಹಿಮದ ನಾಡಿಗೆ ಮಾತ್ರ ಸೇರಿದ್ದೆಂದು ಅಂದುಕೊಂಡಿದ್ದೆ. ಊರಿಗೆ ಹೋದಾಗ ಮಲೆನಾಡಿನ ನೆಂಟರ ಮನೆಯಲ್ಲಿ ಕಳೆ ಕೊಚ್ಚುವ ಪೆಟ್ರೋಲ್ ಯಂತ್ರ ಮೂಲೆ ಹಿಡಿದಿತ್ತು. ಮಳೆಗಾಲದ ನಂತರ ತೋಟಕ್ಕೆ ಇಳಿದು, ಕಳೆ ಒಣಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲುವ ಯಂತ್ರ. "ಹೋದ ವರ್ಷ ಚೆನ್ನಾಗಿಯೇ ಇತ್ತು, ಈಗ ಸ್ಟಾರ್ಟೇ ಆಗ್ತಿಲ್ಲ" ಎಂದರು. ನಾನು ಕೇಳಿದ ಪ್ರಶ್ನೆ ನೀವು ಊಹಿಸಬಲ್ಲಿರಿ. ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲಿಗೆ ನಮ್ಮ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಅದರ ಚರ್ಚೆಯೆಲ್ಲ ಕಾರು, ಬೈಕುಗಳ ಸುತ್ತ ನಡೆಯಿತು. ತೋಟದ ಮನೆಯ ಮೂಲೆಯಲ್ಲಿ ನಿಂತ ಯಂತ್ರದ ಮಾತು ಅಷ್ಟಾಗಿ ಕೇಳಲಿಲ್ಲ. ನೇಗಿಲು, ಕೂರಿಗೆಗಳನ್ನು ತೊಳೆದು ಅಟ್ಟಕ್ಕೇರಿಸುವುದನ್ನು ಬಲ್ಲ ಮನೆಗಳೇ ಅವು. ಮರದ ಉಪಕರಣಕ್ಕಿದ್ದ ಆ ಕ್ರಮ ಎಂಜಿನ್ನಿನ ಉಪಕರಣಕ್ಕೆ ದಾಟಿ ಬರಲಿಲ್ಲ. ಆಯುಧಪೂಜೆಯಂದು ಕುಂಕುಮ ಹಚ್ಚಿ ಹೂ ಮುಡಿಸುತ್ತೇವೆ, ಟ್ಯಾಂಕಿನ ಮುಚ್ಚಳ ತೆಗೆದು ನೋಡುವುದಿಲ್ಲ.

ಈಗ ಬ್ಯಾಟರಿಯ ಹಿಮಯಂತ್ರಗಳು ಬಂದಿವೆ. ಅಂಟಾಗುವ ಇಂಧನವಿಲ್ಲ, ಬದಲಿಸುವ ಎಣ್ಣೆಯಿಲ್ಲ. ಆದರೂ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಯೋ ಪೂರ್ತಿ ಬರಿದಾಗಿಸಿಯೋ ಬಿಸಿ ಗ್ಯಾರೇಜಿನಲ್ಲಿ ಬೇಸಿಗೆ ಕಳೆಯಲು ಬಿಟ್ಟರೆ ಅದರ ಆಯುಷ್ಯ ಕುಗ್ಗುತ್ತದೆ. ಅರ್ಧದಷ್ಟು ತುಂಬಿ ತಂಪಿನಲ್ಲಿ ಇಡಬೇಕು. ಕೆಲಸದ ರೂಪ ಬದಲಾಗಿದೆ, ಏಪ್ರಿಲ್ ತಿಂಗಳು ಮಾತ್ರ ಹಾಗೆಯೇ ಉಳಿದಿದೆ.

ಮೂರು ವರ್ಷದ ಹಿಂದೆ ಪಕ್ಕದ ಮನೆಯ ಹಿರಿಯರು ಮನೆ ಮಾರಿ, ಹಿಮ ತೆಗೆಯುವ ಗೋಜಿಲ್ಲದ ವೃದ್ಧರ ವಸತಿಗೆ ಹೋದರು. ಹೋಗುವಾಗ ತಮ್ಮ ಯಂತ್ರವನ್ನು ನಮ್ಮ ಗ್ಯಾರೇಜಿಗೆ ನೂಕಿಕೊಂಡು ಬಂದು, ಹಣದ ಮಾತೆತ್ತಿದರೆ ಬೈದರು. ಅದರ ಹಿಡಿಕೆಯ ಕೆಳಗೆ ಕಾಗದದ ಟೇಪು ಅಂಟಿಸಿ ಪ್ರತಿ ವರ್ಷದ ತಾರೀಖು ಬರೆದಿದ್ದರು. ಎಣ್ಣೆ, ಪ್ಲಗ್, ಗ್ರೀಸ್ ಎಂದು ಒಂದೊಂದೇ ಪದ. ಒಂದರ ಮೇಲೊಂದು ಪದರವಾಗಿ ಅಂಟಿದ ಟೇಪುಗಳಲ್ಲಿ ಒಂದು ವರ್ಷವೂ ತಪ್ಪಿಲ್ಲ. ಹೆಂಡತಿ ತೀರಿಕೊಂಡ ವರ್ಷ ಮಾತ್ರ ತಾರೀಖು ಏಪ್ರಿಲ್ ಬದಲು ಜೂನ್ ಎಂದಿದೆ. ಕೊನೆಯ ಸಾಲುಗಳಲ್ಲಿ ಅಕ್ಷರ ನಡುಗಿದೆ.

ನನ್ನ ಹಳೆಯ ಯಂತ್ರವನ್ನು ಬಿಡಿಭಾಗಕ್ಕೆಂದು ಕೊಟ್ಟುಬಿಟ್ಟೆ. ಈ ಏಪ್ರಿಲ್‌ನ ಮೂರನೆಯ ಶನಿವಾರ ಅವರ ಯಂತ್ರವನ್ನು ಹೊರಗೆ ತಂದು, ಕೊನೆಯ ಹನಿ ಪೆಟ್ರೋಲು ಮುಗಿದು ಅದು ತಾನಾಗಿ ನಿಲ್ಲುವವರೆಗೆ ಪಕ್ಕದಲ್ಲಿ ನಿಂತಿದ್ದೆ. ಎಣ್ಣೆ ಬದಲಿಸಿ, ಗ್ರೀಸ್ ತುಂಬಿ, ಅಲಗು ಕೈಗೆ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿದೆ. ಆಮೇಲೆ ಟೇಪಿನ ಮೇಲೆ ತಾರೀಖು ಬರೆದು, ಫೋಟೋ ತೆಗೆದು ಅವರಿಗೆ ಕಳಿಸಿದೆ. ಸಂಜೆ ಉತ್ತರ ಬಂತು: "ಇಲಿಯ ಗೂಡು ನೋಡಿದೆಯಾ?"

ನೋಡಿರಲಿಲ್ಲ. ಮತ್ತೆ ಗ್ಯಾರೇಜಿಗೆ ಹೋದೆ.